ಸಿಪಾಯಿ ಜೇಬಿನ ಗಾಯದ ಪೊಟ್ಟಣ

ಮಕ್ಕಳೇ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಹೆಸರು ಕೇಳಿದ್ದೀರಲ್ಲವೇ? ಅಲ್ಲಿಯೂ, ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಗುಡ್ಡದಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಶಾಸನ ಓದುವ ವಿದ್ವಾಂಸರು ಬಂಡೆಯನ್ನು ಹೊತ್ತುಕೊಂಡು ಹೋಗಲಾರರು. ಅದಕ್ಕೇ ಪಡಿಯಚ್ಚು ತೆಗೆಯುತ್ತಾರೆ. ಕಲ್ಲನ್ನು ಚೆನ್ನಾಗಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ತಗ್ಗಿನೊಳಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತದೆ.

ಪಡಿಯಚ್ಚಿನಲ್ಲಿ ಒಡೆದ ಅಕ್ಷರ ಒಡೆದ ಹಾಗೇ ಬರಬೇಕು. ‘ಪಾಪ, ಇಲ್ಲೊಂದು ಕೊಂಬು ಬಿಟ್ಟುಹೋಗಿದೆ’ ಎಂದು ನಾವು ಗೆರೆ ಎಳೆದು ಸೇರಿಸಿದರೆ ಅದು ಶಾಸನದ ಪ್ರತಿ ಆಗುವುದಿಲ್ಲ, ನಮ್ಮ ಊಹೆಯ ಚಿತ್ರ ಆಗುತ್ತದೆ. ಚೆಂದ ಮಾಡುವುದಕ್ಕಿಂತ ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು ಮುಖ್ಯ. ಹಳೆಯ ವಸ್ತುಗಳ ನಿಖರವಾದ ಪ್ರತಿಕೃತಿ ಮಾಡುವವರೆಲ್ಲರಿಗೂ ಇದೇ ನಿಯಮ.

ಈ ಬಾರಿ ನಿಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅಂಥದ್ದೊಂದು ಪ್ರತಿಕೃತಿ ಮಾಡೋಣ. ಮೊದಲ ಮಹಾಯುದ್ಧದ ಕಾಲದಲ್ಲಿ, ಎಂದರೆ 1914ರಿಂದ 1918ರವರೆಗೆ, ಸಿಪಾಯಿಯ ಜೇಬಿನಲ್ಲಿ ಇರುತ್ತಿದ್ದ ಪ್ರಥಮ ಚಿಕಿತ್ಸೆಯ ಪೊಟ್ಟಣ ಅದು. ಯುದ್ಧ ಎಲ್ಲೋ ದೂರದಲ್ಲಿ ನಡೆಯಿತು ಅಂದುಕೊಳ್ಳಬೇಡಿ. ಆಗ ಚಿತ್ರದುರ್ಗ ಜಿಲ್ಲೆ ಮೈಸೂರು ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್, ಬ್ರಿಟಿಷರ ಪರವಾಗಿ ಜೋಧಪುರದ ಪಡೆಯ ಜೊತೆ ಸೇರಿ 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದಿತು.

ಪೊಟ್ಟಣದೊಳಗೆ ಏನಿತ್ತು?

ಬ್ರಿಟಿಷ್ ಸೈನ್ಯದ ಪೊಟ್ಟಣ ಅಂಗೈಯಗಲ ಇತ್ತು. ಹೊರಗೆ ಖಾಕಿ ಬಣ್ಣದ ಹತ್ತಿ ಬಟ್ಟೆಯ ಹೊದಿಕೆ. ಅದರ ಮೇಲೆ ‘ಹೀಗೆ ಬಿಚ್ಚಿ, ಹೀಗೆ ಕಟ್ಟಿ’ ಎಂಬ ಸೂಚನೆಗಳನ್ನು ಅಚ್ಚು ಹಾಕಿರುತ್ತಿದ್ದರು. ಒಳಗೆ ನೀರು ಇಳಿಯದ ಹೊದಿಕೆಯಲ್ಲಿ ಸುತ್ತಿದ ಎರಡು ಗಾಯದ ಪಟ್ಟಿಗಳು. ಒಂದೊಂದು ಪಟ್ಟಿಯಲ್ಲೂ ಗಾಜ್ ಎಂಬ ಸಡಿಲ ನೇಯ್ಗೆಯ ಬಟ್ಟೆಯ ಮೆತ್ತೆ, ಆ ಮೆತ್ತೆಗೇ ಹೊಲಿದ ಉದ್ದನೆಯ ಬ್ಯಾಂಡೇಜು, ಜೊತೆಗೊಂದು ಸೇಫ್ಟಿ ಪಿನ್ನು. ಕೆಲವು ಪೊಟ್ಟಣಗಳಲ್ಲಿ ರೋಗಾಣು ಕೊಲ್ಲುವ ಟಿಂಚರ್ ಅಯೋಡಿನ್ ತುಂಬಿದ ಪುಟಾಣಿ ಗಾಜಿನ ಕೊಳವೆಯೂ ಇರುತ್ತಿತ್ತು.

ಇಷ್ಟೇನಾ ಅನ್ನಿಸಿತೇ? ಹಾಗಾದರೆ ಒಂದೊಂದಕ್ಕೂ ‘ಯಾಕೆ’ ಎಂದು ಕೇಳುತ್ತಾ ಹೋಗೋಣ.

ಪಟ್ಟಿಗಳು ಎರಡು ಯಾಕೆ? ಗುಂಡು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಿದ್ದರೆ ಗಾಯ ಎರಡಾಗುತ್ತದೆ. ಎರಡನ್ನೂ ಮುಚ್ಚಬೇಕು.

ಮೆತ್ತೆಯನ್ನು ಬ್ಯಾಂಡೇಜಿಗೇ ಹೊಲಿದದ್ದು ಯಾಕೆ? ಗಾಬರಿಯಲ್ಲಿ ಕೈ ನಡುಗುತ್ತದೆ, ಮೆತ್ತೆ ಜಾರಿ ಮಣ್ಣಿಗೆ ಬೀಳುತ್ತದೆ. ಹೊಲಿದಿದ್ದರೆ ಬೀಳುವುದಿಲ್ಲ. ಇನ್ನೂ ಒಂದು ಲಾಭವಿದೆ. ಬ್ಯಾಂಡೇಜಿನ ಎರಡು ತುದಿ ಹಿಡಿದೇ ಕಟ್ಟಬಹುದು. ಗಾಯಕ್ಕೆ ತಗಲುವ ಭಾಗವನ್ನು ಬೆರಳು ಮುಟ್ಟುವುದೇ ಬೇಡ.

ನೀರು ಇಳಿಯದ ಹೊದಿಕೆ ಯಾಕೆ? ಸಿಪಾಯಿಯ ಅಂಗಿ ಮಳೆಯಲ್ಲಿ, ಬೆವರಿನಲ್ಲಿ, ಕೆಸರಿನಲ್ಲಿ ನೆನೆಯುತ್ತದೆ. ಒದ್ದೆಯ ಜೊತೆ ರೋಗಾಣುಗಳೂ ಬಟ್ಟೆಯೊಳಗೆ ಇಳಿಯುತ್ತವೆ.

ಎಲ್ಲರೂ ಅಂಗಿಯ ಒಂದು ಗೊತ್ತಾದ ಒಳಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದುದು ಯಾಕೆ? ಪೆಟ್ಟು ಬಿದ್ದವನಿಗೆ ಎಚ್ಚರ ತಪ್ಪಿದ್ದರೂ ಪಕ್ಕದವನು ಹುಡುಕುತ್ತಾ ಹೊತ್ತು ಕಳೆಯಬಾರದು. ಗಾಯಗೊಂಡವನ ಪೊಟ್ಟಣವನ್ನೇ ಅವನಿಗೆ ಬಳಸುವುದು ಪದ್ಧತಿ. ಸಹಾಯಕ್ಕೆ ಬಂದವನು ತನ್ನದನ್ನು ಖರ್ಚು ಮಾಡಿದರೆ, ಮುಂದೆ ಅವನಿಗೇ ಪೆಟ್ಟು ಬಿದ್ದಾಗ ಜೇಬು ಖಾಲಿ.

ನೋಡಿದಿರಾ? ಅಂಗೈಯಗಲದ ಪೊಟ್ಟಣದಲ್ಲಿ ಸುಮ್ಮನೆ ಇಟ್ಟದ್ದು ಒಂದೂ ಇಲ್ಲ. ಎಲ್ಲೋ ಯಾರೋ ನರಳಿದ ಮೇಲೆ ಜನ ಯೋಚಿಸಿ ಕಂಡುಕೊಂಡ ಉತ್ತರಗಳಿವು. ಪ್ರತಿಕೃತಿ ಮಾಡುವಾಗ ಒಂದು ಹೊಲಿಗೆ ಬಿಟ್ಟರೂ ಒಂದು ಉತ್ತರ ಬಿಟ್ಟಂತೆ. ನಿಖರತೆಗೆ ಇಷ್ಟು ಹಟ ಹಿಡಿಯುವುದು ಅದಕ್ಕೇ.

ನೀರು ಕುಡಿಯದ ಹತ್ತಿ

ಈಗ ಮೆತ್ತೆಯ ಕಡೆ ಬರೋಣ. ಗಿಡದಿಂದ ಬಿಡಿಸಿದ ಹತ್ತಿಯನ್ನೇ ಒಳಗೆ ತುಂಬಿದರಾಯಿತು ಅಂದಿರಾ? ಒಂದು ಪ್ರಯೋಗ ಮಾಡಿ ನೋಡಿ.

ಎರಡು ಲೋಟ ನೀರು ಇಡಿ. ಒಂದಕ್ಕೆ ಬೀಜ ತೆಗೆದ ಹಸಿ ಹತ್ತಿಯ ಉಂಡೆ ಹಾಕಿ. ಇನ್ನೊಂದಕ್ಕೆ ಔಷಧಿ ಅಂಗಡಿಯ ಹತ್ತಿ ಹಾಕಿ. ಅಂಗಡಿಯ ಹತ್ತಿ ನೀರು ಕುಡಿದು ಬೇಗ ಮುಳುಗುತ್ತದೆ. ಹಸಿ ಹತ್ತಿ ತೇಲುತ್ತಲೇ ಇರುತ್ತದೆ! ಹತ್ತಿಯ ಎಳೆ ಬಹುಪಾಲು ಸೆಲ್ಯುಲೋಸ್. ಸೆಲ್ಯುಲೋಸಿಗೆ ನೀರೆಂದರೆ ಪ್ರೀತಿ. ಆದರೆ ಎಳೆಯ ಮೇಲೆ ತೆಳ್ಳನೆಯ ಮೇಣದ ಪದರ ಇರುತ್ತದೆ. ತೂಕದಲ್ಲಿ ನೂರಕ್ಕೆ ಒಂದು ಪಾಲಿನಷ್ಟೂ ಇರದ ಆ ಮೇಣವೇ ನೀರನ್ನು ತಡೆಯುತ್ತದೆ. ರಕ್ತವನ್ನೂ ತಡೆಯುತ್ತದೆ.

ಮೇಣ ಬಿಡಿಸುವುದು ಹೇಗೆ? ದೊಡ್ಡವರನ್ನು ಜೊತೆಗೆ ಕರೆದುಕೊಳ್ಳಿ. ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರು ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ, ಚೂರು ಬಟ್ಟೆ ಸೋಪು ಹಾಕಿ ಹಸಿ ಹತ್ತಿಯನ್ನು ಅರ್ಧ ಗಂಟೆ ಕುದಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಆರಿದ ಮೇಲೆ ನಾಲ್ಕಾರು ಸಲ ತೊಳೆದು ಒಣಗಿಸಿ. ಮತ್ತೆ ನೀರಿಗೆ ಹಾಕಿ. ಈ ಸಲ ಬೇಗ ನೆನೆಯುತ್ತದೆ. ಕಾರ್ಖಾನೆಯಲ್ಲಿ ಇದನ್ನೇ ಇನ್ನೂ ಖಾರವಾದ ಸೋಡಾದಲ್ಲಿ, ಒತ್ತಡದಲ್ಲಿ ಕುದಿಸಿ ಮಾಡುತ್ತಾರೆ. ಹೀಗೆ ಹೀರುವ ಹತ್ತಿಯನ್ನು ಎರಡು ಪದರ ಗಾಜ್ ಬಟ್ಟೆಯ ನಡುವೆ ಇಟ್ಟು ಮೆತ್ತೆ ಮಾಡುವ ಉಪಾಯವನ್ನು 1880ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಯಾಂಪ್ಸನ್ ಗ್ಯಾಮ್ಜಿ ತೋರಿಸಿಕೊಟ್ಟರು.

ಇದೇ ಹತ್ತಿಗೆ ಇನ್ನೊಂದು ಮುಖವೂ ಇದೆ. 1846ರಲ್ಲಿ ಷೋನ್‌ಬೈನ್ ಎಂಬ ರಸಾಯನ ವಿಜ್ಞಾನಿ, ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ನೆನೆಸಿದರೆ ಅದು ಸ್ಫೋಟಕವಾಗುತ್ತದೆ ಎಂದು ಕಂಡುಹಿಡಿದ. ಮೊದಲ ಮಹಾಯುದ್ಧದಲ್ಲಿ ಗುಂಡು ಹಾರಿಸುವ ಮದ್ದಿಗೂ ಹತ್ತಿಯೇ ಬೇಕು, ಗುಂಡಿನ ಗಾಯ ಕಟ್ಟಲಿಕ್ಕೂ ಹತ್ತಿಯೇ ಬೇಕು! ಬ್ರಿಟನ್ನಿನಲ್ಲಿ ಗಾಯಕ್ಕೆ ಹತ್ತಿ ಸಾಲದೆ ಹೋಯಿತು. ಜನ ಜೌಗು ನೆಲದಲ್ಲಿ ಬೆಳೆಯುವ ಸ್ಫ್ಯಾಗ್ನಮ್ ಎಂಬ ಪಾಚಿಯನ್ನು ಆರಿಸಿ, ಒಣಗಿಸಿ, ಚೀಲದಲ್ಲಿ ತುಂಬಿ ಗಾಯಕ್ಕೆ ಕಟ್ಟಿದರು. ಅದು ತನ್ನ ತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹೀರಬಲ್ಲದು. ತಂಪು ಜೌಗಿನ ಆ ಪಾಚಿ ನಮ್ಮ ಬಯಲುಸೀಮೆಯ ಜಾಲಿ, ಕಾರೆ ಗಿಡಗಳ ನಡುವೆ ಸಿಗುವುದಿಲ್ಲ. ನಮ್ಮ ಪೊಟ್ಟಣಕ್ಕೆ ಹತ್ತಿಯೇ ಸರಿ.

ಕಡಲೆಕಾಯಿ ಎಣ್ಣೆ ಮತ್ತು ರೇಷ್ಮೆ

ಚಳ್ಳಕೆರೆಯನ್ನು ಎಣ್ಣೆ ನಗರ ಅನ್ನುತ್ತಾರೆ. ಕಡಲೆಕಾಯಿ ಗಾಣ, ಎಣ್ಣೆ ಮಿಲ್ಲುಗಳ ಊರು. ಮೊಳಕಾಲ್ಮೂರು ರೇಷ್ಮೆ ಸೀರೆಗಳ ಊರು. ಎಣ್ಣೆ ಒಂದು ಕಡೆ, ರೇಷ್ಮೆ ಒಂದು ಕಡೆ ಇರುವಾಗ ಇವೆರಡನ್ನೂ ಸೇರಿಸಿದರೆ ಏನಾದೀತು?

ಗಾಯದಲ್ಲಿ ಕೀವು ಆಗುವುದು ರೋಗಾಣುಗಳಿಂದ ಎಂದು ಅರಿತು, 1867ರಲ್ಲಿ ರೋಗಾಣು ಕೊಲ್ಲುವ ಚಿಕಿತ್ಸೆಯನ್ನು ಪ್ರಕಟಿಸಿದವರು ಜೋಸೆಫ್ ಲಿಸ್ಟರ್. ಅವರು ಗಾಯದ ಮೇಲೆ ಎಣ್ಣೆ ಹಚ್ಚಿ ಒಣಗಿಸಿದ ರೇಷ್ಮೆ ಬಟ್ಟೆ ಹೊದಿಸುತ್ತಿದ್ದರು. ನೀರು ಇಳಿಯದ, ಮೆತ್ತಗೆ ಬಾಗುವ ಹೊದಿಕೆ ಅದು. ಪ್ಲಾಸ್ಟಿಕ್ ಇಲ್ಲದ ಕಾಲದಲ್ಲಿ ಅದೊಂದು ದೊಡ್ಡ ಅನುಕೂಲ.

ಹಾಗಾದರೆ ಮೊಳಕಾಲ್ಮೂರಿನ ರೇಷ್ಮೆಗೆ ಚಳ್ಳಕೆರೆಯ ಕಡಲೆಕಾಯಿ ಎಣ್ಣೆ ಸವರಿಬಿಡೋಣವೇ? ಸವರಿ ನೋಡಿ. ಬಟ್ಟೆಯ ಒಂದು ಚೂರಿಗೆ ಕಡಲೆಕಾಯಿ ಎಣ್ಣೆ, ಇನ್ನೊಂದು ಚೂರಿಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ನೆರಳಿನಲ್ಲಿ ಬೇರೆ ಬೇರೆಯಾಗಿ ನೇತುಹಾಕಿ. ಒಂದೆರಡು ವಾರ ಕಳೆದ ಮೇಲೆ ಮುಟ್ಟಿ. ಕಡಲೆಕಾಯಿ ಎಣ್ಣೆಯ ಬಟ್ಟೆ ಇನ್ನೂ ಜಿಡ್ಡುಜಿಡ್ಡು. ಅಗಸೆ ಎಣ್ಣೆಯದು ಗಟ್ಟಿಯಾಗಿ ಪೊರೆಗಟ್ಟಿರುತ್ತದೆ. ಮೇಲೆ ಒಂದು ಹನಿ ನೀರು ಬಿಟ್ಟರೆ ಗುಂಡಗೆ ನಿಲ್ಲುತ್ತದೆ.

ಎಣ್ಣೆ ‘ಒಣಗುವುದು’ ನೀರು ಒಣಗಿದ ಹಾಗಲ್ಲ. ನೀರು ಆವಿಯಾಗಿ ಹೋಗುತ್ತದೆ. ಅಗಸೆ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಅದರ ಅಣುಗಳಲ್ಲಿ ದ್ವಿಬಂಧಗಳು ಹೆಚ್ಚು. ಗಾಳಿಯ ಆಮ್ಲಜನಕ ಅಲ್ಲಿಗೆ ಬಂದು ಸೇರಿದಾಗ, ಕೋಲಾಟದ ಮಕ್ಕಳು ಕೈಕೈ ಹಿಡಿದ ಹಾಗೆ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಕಡಲೆಕಾಯಿ ಎಣ್ಣೆಯಲ್ಲಿ ಅಂಥ ಬಂಧಗಳು ಕಡಿಮೆ. ಅಡುಗೆಗೆ ಅದು ಒಳ್ಳೆಯ ಗುಣ, ಹೊದಿಕೆಗೆ ಮಾತ್ರ ಆಗದು.

ಒಂದು ಎಚ್ಚರಿಕೆ. ಅಗಸೆ ಎಣ್ಣೆ ಹೆಣೆದುಕೊಳ್ಳುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಒಳಗೇ ಸೇರಿ ತಾನಾಗಿ ಬೆಂಕಿ ಹತ್ತಬಹುದು. ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಇಲ್ಲವೇ ಕೂಡಲೇ ಸೋಪಿನ ನೀರಿನಲ್ಲಿ ತೊಳೆದುಬಿಡಿ.

ಈ ಎಣ್ಣೆ ರೇಷ್ಮೆ ಆಸ್ಪತ್ರೆಯ ಸಾಮಾನು. ಸಿಪಾಯಿಯ ಪೊಟ್ಟಣಕ್ಕೆ ರಬ್ಬರು ಸವರಿದ ಬಟ್ಟೆಯಂಥ ಹೊದಿಕೆ ಇರುತ್ತಿತ್ತು. ನಮಗೆ ಅದು ಸಿಗದಿದ್ದರೆ ಜೇನುಮೇಣ ಹಚ್ಚಿದ ಕಾಗದ ಬಳಸೋಣ. ಬಳಸಿದ್ದನ್ನು ಮುಚ್ಚಿಡದೆ ‘ಇಲ್ಲಿ ರಬ್ಬರು ಬಟ್ಟೆಯ ಬದಲು ಮೇಣದ ಕಾಗದ’ ಎಂದು ಚೀಟಿಯಲ್ಲಿ ಬರೆದಿಡೋಣ. ಬದಲಿ ವಸ್ತು ಬಳಸುವುದು ತಪ್ಪಲ್ಲ, ಬಳಸಿ ಹೇಳದಿರುವುದು ತಪ್ಪು.

ಯಾರ ಚೀಲದಲ್ಲಿ ಯಾವುದು?

ಮೊಳಕಾಲ್ಮೂರಿನಲ್ಲಿ ಮಗ್ಗದ ಮನೆಗೆ ಹೋದರೆ ಅಲ್ಲಿನ ಅಜ್ಜನನ್ನು ಕೇಳಿ: “ಅಜ್ಜಾ, ರೇಷ್ಮೆ ನೂಲನ್ನು ಸೋಪಿನ ನೀರಲ್ಲಿ ಯಾಕೆ ಬೇಯಿಸ್ತಾರೆ?” ಹುಳು ರೇಷ್ಮೆಯನ್ನು ಎರಡು ಪ್ರೋಟೀನಿನಿಂದ ಮಾಡುತ್ತದೆ. ಒಳಗಿನ ಗಟ್ಟಿ ಎಳೆ ಫೈಬ್ರಾಯಿನ್, ಹೊರಗಿನ ಅಂಟು ಸೆರಿಸಿನ್. ಬೇಯಿಸಿದಾಗ ಅಂಟು ಕರಗಿ, ಹೊಳೆಯುವ ನುಣುಪು ಎಳೆ ಉಳಿಯುತ್ತದೆ. ಸೀರೆಗೆ ಬೇಕಾದ ಈ ನುಣುಪು ಮತ್ತು ಬಲವೇ ಶಸ್ತ್ರವೈದ್ಯರಿಗೂ ಬೇಕು. ಗಾಯ ಹೊಲಿಯಲು ಅವರು ರೇಷ್ಮೆ ದಾರ ಬಳಸುತ್ತಾ ಬಂದಿದ್ದಾರೆ. ಗಂಟು ಬಿಗಿಯಾಗಿ ನಿಲ್ಲುತ್ತದೆ, ದಾರ ಬೆರಳಿಗೆ ಒಗ್ಗುತ್ತದೆ.

ಹಾಗಂತ ಸಿಪಾಯಿಯ ಪೊಟ್ಟಣದಲ್ಲಿ ರೇಷ್ಮೆ ದಾರ, ಸೂಜಿ ಇಟ್ಟರೆ ನಿಮ್ಮ ಪ್ರತಿಕೃತಿ ಕೆಟ್ಟಿತು. ಜೇಬಿನ ಪೊಟ್ಟಣ ಸಿಪಾಯಿಯದು. ಅವನ ಕೆಲಸ ರಕ್ತ ನಿಲ್ಲಿಸಿ ಗಾಯ ಮುಚ್ಚುವುದು, ಅಷ್ಟೇ. ಡೋಲಿ ಹೊರುವವರ ಚೀಲದಲ್ಲಿ ದೊಡ್ಡ ಬ್ಯಾಂಡೇಜುಗಳು, ಮೂಳೆ ಮುರಿದರೆ ಕಟ್ಟುವ ದಬ್ಬೆಗಳು. ಸೂಜಿ, ರೇಷ್ಮೆ ದಾರ, ನೋವು ತಗ್ಗಿಸುವ ಮದ್ದು ವೈದ್ಯರ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಗಳನ್ನು ಹೇಸರಗತ್ತೆಗಳಂಥ ಪ್ರಾಣಿಗಳ ಬೆನ್ನಿನ ಎರಡು ಕಡೆ ತೂಗುಹಾಕಿ ಸಾಗಿಸುತ್ತಿದ್ದರು. ನಮ್ಮ ಚಳ್ಳಕೆರೆ ಕಡೆಯ ಕಾವಲುಗಳಲ್ಲಿ ಮೇಯುವ ಅಮೃತಮಹಲ್ ದನಗಳೂ ಹಳೆಯ ಕಾಲದ ದಂಡಿನವೇ. ಹೈದರಾಲಿ, ಟಿಪ್ಪುವಿನ ಸೈನ್ಯದ ತೋಪು, ಸಾಮಾನುಗಳನ್ನು ಈ ತಳಿಯ ಎತ್ತುಗಳು ಎಳೆದಿದ್ದವು.

ಡೋಲಿಯ ಮೇಲೆ ಇನ್ನೊಂದು ವಸ್ತು ಕಡ್ಡಾಯ, ಉಣ್ಣೆಯ ಹೊದಿಕೆ. ರಕ್ತ ಹೋದವರ ಮೈ ತಣ್ಣಗಾಗುತ್ತದೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೂ ನಿಧಾನವಾಗಿ, ಇನ್ನಷ್ಟು ರಕ್ತ ಹೋಗುತ್ತದೆ. ಈ ಸುಳಿಯನ್ನು ಮುರಿಯುವುದು ಬಿಸುಪು. ಚಳ್ಳಕೆರೆಯ ಕಂಬಳಿ ನಿಮ್ಮ ಮನೆಯಲ್ಲೇ ಇದ್ದೀತು. ಕುರಿಯ ಉಣ್ಣೆಯ ಎಳೆ ಗುಂಗುರಾಗಿರುತ್ತದೆ, ಎಳೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲುಗಾಡದ ಗಾಳಿ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಡೋಲಿಯ ಮೇಲೆ ಹೊದಿಕೆಯನ್ನು ಮೈ ಮೇಲಷ್ಟೇ ಹೊದಿಸದೆ ಕೆಳಗೂ ಪದರ ಪದರವಾಗಿ ಹಾಸುತ್ತಿದ್ದರು. ಮೈಯ ಭಾರಕ್ಕೆ ಕೆಳಗಿನ ಗಾಳಿ ಹಿಂಡಿಹೋಗುವುದರಿಂದ ಅಲ್ಲಿ ಹೆಚ್ಚು ಪದರ ಬೇಕು.

ಕಾಲ ತಪ್ಪಿದವರನ್ನು ಹಿಡಿಯಿರಿ

ಒಂದು ಆಟ ಆಡೋಣ. 1918ರ ಪೊಟ್ಟಣ ಎಂದು ಯಾರೋ ಮೇಜಿನ ಮೇಲೆ ಈ ವಸ್ತುಗಳನ್ನು ಇಟ್ಟಿದ್ದಾರೆ: ಸೇಫ್ಟಿ ಪಿನ್ನು, ಅಯೋಡಿನ್, ಅಂಟುವ ಬ್ಯಾಂಡ್‌ಏಡ್, ಪಾಲಿಥೀನ್ ಚೀಲ, ಪೆನಿಸಿಲಿನ್ ಮುಲಾಮು, ಪಾಲಿಯೆಸ್ಟರ್ ದಾರ. ಇವುಗಳಲ್ಲಿ ಯಾವುವು ಕಾಲ ತಪ್ಪಿ ಬಂದಿವೆ?

ಸೇಫ್ಟಿ ಪಿನ್ನು ಇರಬಹುದು. ವಾಲ್ಟರ್ ಹಂಟ್ 1849ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಅಯೋಡಿನ್ ಪತ್ತೆಯಾದದ್ದು 1811ರಲ್ಲಿ, ಅದೂ ಇರಬಹುದು. ಬ್ಯಾಂಡ್‌ಏಡ್ ಬಂದದ್ದು 1920ರಲ್ಲಿ. ಪೆನಿಸಿಲಿನ್ನನ್ನು ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡದ್ದು 1928ರಲ್ಲಿ, ಅದು ಸೈನಿಕರಿಗೆ ಧಾರಾಳವಾಗಿ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ. ಪಾಲಿಥೀನ್ 1933ರದು, ಪಾಲಿಯೆಸ್ಟರ್ ಎಳೆ 1941ರದು. ಈ ನಾಲ್ಕೂ ಹೊರಗೆ!

ಎರಡನೆಯ ಮಹಾಯುದ್ಧದ ಅಮೆರಿಕನ್ ಪೊಟ್ಟಣ ಮಾಡುವುದಾದರೆ ರೋಗಾಣುಗಳನ್ನು ತಡೆಯುವ ಸಲ್ಫಾ ಪುಡಿಯ ಲಕೋಟೆ ಸೇರುತ್ತದೆ. ಸಲ್ಫಾ ಮದ್ದುಗಳ ದಾರಿ ತೆರೆದ ಜರ್ಮನಿಯ ಗೆರ್ಹಾರ್ಡ್ ಡೋಮಾಕ್‌ಗೆ 1939ರ ನೊಬೆಲ್ ಪ್ರಶಸ್ತಿ ಬಂತು. ಇಪ್ಪತ್ತೈದು ವರ್ಷದ ಅಂತರದಲ್ಲಿ ಪೊಟ್ಟಣ ಎಷ್ಟು ಬದಲಾಯಿತು ನೋಡಿ. ಅದಕ್ಕೇ ‘ಹಳೇ ಕಾಲದ ಪೊಟ್ಟಣ’ ಎಂದರೆ ಸಾಲದು, ಯಾವ ಸೈನ್ಯದ್ದು, ಯಾವ ಇಸವಿಯದು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಬಟ್ಟೆಯ ಗುಟ್ಟು ಹೇಳುವ ಬೆಂಕಿ ಮತ್ತು ಬೆಳಕು

ಅಂಗಡಿಯವರು ‘ಶುದ್ಧ ಹತ್ತಿ’ ಎಂದು ಕೊಟ್ಟ ಬಟ್ಟೆ ನಿಜವಾಗಿ ಹತ್ತಿಯೇ? ನಾಲ್ಕಾರು ಎಳೆ ಬಿಡಿಸಿ, ಮೇಷ್ಟ್ರ ಕೈಗೆ ಇಕ್ಕಳ ಕೊಟ್ಟು, ದೀಪದ ಉರಿಗೆ ಹಿಡಿಯಲು ಹೇಳಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿ ಬಿಡುತ್ತದೆ. ರೇಷ್ಮೆ, ಉಣ್ಣೆ ಉರಿಯುವಾಗ ಕೂದಲು ಸುಟ್ಟ ವಾಸನೆ ಬರುತ್ತದೆ, ಏಕೆಂದರೆ ಅವೂ ಕೂದಲಿನಂತೆ ಪ್ರೋಟೀನೇ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿಯಾದರೆ ಆ ಬಟ್ಟೆಗೆ 1918ರ ಪೊಟ್ಟಣದಲ್ಲಿ ಜಾಗವಿಲ್ಲ.

ಇನ್ನೊಂದು ಪರೀಕ್ಷೆ ಬೆಳಕಿನದು. ಅಂಗಡಿಗಳಲ್ಲಿ ನೋಟು ಅಸಲಿಯೋ ಎಂದು ನೋಡುವ ನೇರಳಾತೀತ ದೀಪ ಇರುತ್ತದಲ್ಲ? ಅದನ್ನು ಕತ್ತಲಲ್ಲಿ ಹೊಸ ಬಿಳಿ ಬಟ್ಟೆಯ ಮೇಲೆ ಹಿಡಿದರೆ ನೀಲಿ ಹೊಳಪು ಕಾಣುತ್ತದೆ. ಈಗಿನ ಬಟ್ಟೆಗೂ ಸೋಪಿನ ಪುಡಿಗೂ ಹೊಳಪುಕಾರಕ ಎಂಬ ರಾಸಾಯನಿಕ ಸೇರಿಸುತ್ತಾರೆ. ಅದು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ನುಂಗಿ ಕಾಣುವ ನೀಲಿ ಬೆಳಕಾಗಿ ಬಿಡುತ್ತದೆ. ಇವು ಬಳಕೆಗೆ ಹರಡಿದ್ದು ಎರಡನೆಯ ಮಹಾಯುದ್ಧದ ಆಚೀಚೆ. ಹಾಗಾಗಿ 1918ರ ಅಸಲಿ ಎಂದು ಮಾರಲು ತಂದ ಪೊಟ್ಟಣ ನೀಲಿಯಾಗಿ ಹೊಳೆದರೆ ಸಂಗ್ರಹಕಾರರು ಹುಬ್ಬೇರಿಸುತ್ತಾರೆ. ಆದರೂ ಕೂಡಲೇ ‘ಮೋಸ’ ಎನ್ನಬಾರದು. ಅಸಲಿ ಬಟ್ಟೆಯನ್ನು ಯಾರಾದರೂ ಈಚೆಗೆ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಅದು ಹೊಳೆಯುತ್ತದೆ. ಒಂದೇ ಪರೀಕ್ಷೆ ನೋಡಿ ತೀರ್ಪು ಕೊಡದಿರುವುದೂ ವಿಜ್ಞಾನವೇ. ಆ ದೀಪವನ್ನು ಮಾತ್ರ ಕಣ್ಣಿಗೆ ನೇರ ಹಿಡಿಯಬೇಡಿ.

ನಕಲು ಮಾಡಬಾರದ್ದು

ನಿಖರತೆಗೂ ಒಂದು ಮಿತಿ ಇದೆ. ಆ ಕಾಲದ ಕೆಲವು ಗಾಯದ ಬಟ್ಟೆಗಳಿಗೆ ಪಾದರಸದ ಲವಣ ಹಚ್ಚುತ್ತಿದ್ದರು, ರೋಗಾಣುಗಳನ್ನು ಕೊಲ್ಲಲಿಕ್ಕೆ. ಪಾದರಸ ರೋಗಾಣುವಿಗೂ ವಿಷ, ನಮಗೂ ವಿಷ. ಅಸಲಿ ಹಳೆಯ ಪೊಟ್ಟಣ ಎಲ್ಲಾದರೂ ಕಂಡರೆ ಬಿಚ್ಚಬೇಡಿ, ಮೂಸಬೇಡಿ. ನಮ್ಮ ಪ್ರತಿಕೃತಿಯಲ್ಲಿ ಸಾದಾ ಗಾಜ್ ಬಟ್ಟೆ ಸಾಕು. ಅಯೋಡಿನ್ ಕೊಳವೆಯ ಜಾಗಕ್ಕೆ ಹೋಮಿಯೋಪತಿಯ ಪುಟ್ಟ ಖಾಲಿ ಶೀಶೆಯಲ್ಲಿ ಟೀ ಡಿಕಾಕ್ಷನ್ ತುಂಬಿ, ಅದನ್ನೂ ಚೀಟಿಯಲ್ಲಿ ಬರೆಯಿರಿ.

ಪೊಟ್ಟಣದ ಮೇಲೆ ಕೆಂಪು ಶಿಲುಬೆ ಬರೆಯೋಣ ಎಂದು ನಿಮ್ಮಲ್ಲಿ ಯಾರಾದರೂ ಕುಂಚ ತೆಗೆದರೆ ತಡೆಯಿರಿ. 1859ರಲ್ಲಿ ಇಟಲಿಯ ಸೋಲ್ಫೆರಿನೋ ರಣರಂಗದಲ್ಲಿ ಗಾಯಾಳುಗಳ ಪಾಡು ಕಂಡು ಮರುಗಿದ ಹೆನ್ರಿ ಡ್ಯುನಾಂಟ್ ಅವರ ಪ್ರಯತ್ನದಿಂದ ರೆಡ್‌ಕ್ರಾಸ್ ಹುಟ್ಟಿತು. 1864ರ ಜಿನೀವಾ ಒಪ್ಪಂದದಲ್ಲಿ ಆ ಗುರುತಿಗೆ ಮಾನ್ಯತೆ ಬಂತು. ‘ಇಲ್ಲಿ ಗಾಯಾಳುಗಳಿದ್ದಾರೆ, ಗುಂಡು ಹಾರಿಸಬೇಡಿ’ ಎಂಬುದೇ ಅದರ ಅರ್ಥ. ಕಂಡಕಂಡಲ್ಲಿ ಬಳಸಿದರೆ ಅದರ ಬೆಲೆ ಹೋಗುತ್ತದೆ. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಅಪ್ಪಣೆ ಇಲ್ಲದ ಬಳಕೆಯನ್ನು ನಿಷೇಧಿಸಿದೆ.

ಮಾಡುವ ವಿಧಾನ

ಈಗ ಕೈಗೆ ಕೆಲಸ. ಬೇಕಾದವು: ಬಿಳಿ ಹತ್ತಿ ಬಟ್ಟೆ, ಗಾಜ್ ಬಟ್ಟೆ, ನೀವು ಸೋಡಾದಲ್ಲಿ ಬೇಯಿಸಿದ ಹತ್ತಿ, ಹತ್ತಿ ದಾರ, ಎರಡು ಸೇಫ್ಟಿ ಪಿನ್ನು, ಮೇಣದ ಕಾಗದ, ಟೀ ಪುಡಿ ಅಥವಾ ಕಾಚು, ಭೂತಗನ್ನಡಿ.

ಮೊದಲು ವಸ್ತುಸಂಗ್ರಹಾಲಯಗಳು ಪ್ರಕಟಿಸಿರುವ ಅಸಲಿ ಪೊಟ್ಟಣದ ಚಿತ್ರಗಳನ್ನು ನೋಡಿ. ಒಂದೇ ಚಿತ್ರ ನಂಬಬೇಡಿ, ಮೂರ್ನಾಲ್ಕು ಹೋಲಿಸಿ. ಹೊಲಿಗೆ ಎಲ್ಲಿದೆ, ಮಡಿಕೆ ಯಾವ ಕಡೆಗಿದೆ, ಅಚ್ಚಿನ ಅಕ್ಷರ ಎಷ್ಟು ದೊಡ್ಡದು ಎಂದು ಗುರುತು ಹಾಕಿಕೊಳ್ಳಿ.

ಹೊರ ಹೊದಿಕೆಯ ಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅಥವಾ ಕಾಚಿನ ನೀರಿನಲ್ಲಿ ಕುದಿಸಿ. ಅವುಗಳಲ್ಲಿರುವ ಟ್ಯಾನಿನ್ ಹತ್ತಿಯ ಎಳೆಗೆ ಅಂಟಿಕೊಂಡು ಮಣ್ಣು ಬಣ್ಣ ಕೊಡುತ್ತದೆ. ತುಕ್ಕು ಹಿಡಿದ ಮೊಳೆ ನೆನೆಸಿದ ನೀರನ್ನು ಒಂದು ಚೂರಿನ ಮೇಲೆ ಬಿಟ್ಟು ನೋಡಿ, ಕಬ್ಬಿಣ ಟ್ಯಾನಿನ್ ಜೊತೆ ಸೇರಿ ಕಪ್ಪಾಗುತ್ತದೆ. ಬಟ್ಟೆಯನ್ನು ಹರಿದು, ಕಲೆ ಮಾಡಿ ‘ಹಳೆಯದು’ ಮಾಡಬೇಕೇ? ಇದನ್ನು ತರಗತಿಯಲ್ಲಿ ಚರ್ಚಿಸಿ. ನನ್ನ ಕೇಳಿದರೆ ಬೇಡ. 1918ರಲ್ಲಿ ಸಿಪಾಯಿಯ ಕೈಗೆ ಬಂದದ್ದು ಹೊಚ್ಚ ಹೊಸ ಪೊಟ್ಟಣ. ನಾವು ತೋರಿಸಬೇಕಾದ್ದು ಅದನ್ನೇ.

ಗಾಜ್ ಬಟ್ಟೆಯ ಎರಡು ಪದರದ ನಡುವೆ ಹತ್ತಿ ಇಟ್ಟು, ಸುತ್ತ ಹೊಲಿದು ಮೆತ್ತೆ ಮಾಡಿ. ಭೂತಗನ್ನಡಿ ಹಿಡಿದು ಒಂದು ಅಂಗುಲದಲ್ಲಿ ಅಡ್ಡ ಎಷ್ಟು ಎಳೆ, ಉದ್ದ ಎಷ್ಟು ಎಳೆ ಎಂದು ಎಣಿಸಿ ಬರೆಯಿರಿ. ಗಾಜ್ ಇಷ್ಟು ಸಡಿಲವಾಗಿ ನೇಯ್ದಿರುವುದು ಯಾಕೆ ಎಂದು ಯಾರಾದರೂ ನೇಕಾರರನ್ನು ಕೇಳಿ. ಸಂದಿಗಳಲ್ಲಿ ರಕ್ತ ಹೊಕ್ಕು ಎಳೆಗಳನ್ನು ಆಸರೆಯಾಗಿ ಹಿಡಿದು ಹೆಪ್ಪುಗಟ್ಟುತ್ತದೆ. ಮೆತ್ತೆಯನ್ನು ಬ್ಯಾಂಡೇಜಿನ ಪಟ್ಟಿಗೆ ಹೊಲಿಯಿರಿ, ಮಡಚಿ, ಮೇಣದ ಕಾಗದದಲ್ಲಿ ಸುತ್ತಿ, ಪಿನ್ನು ಇಡಿ. ಇಂಥವು ಎರಡು. ಎರಡನ್ನೂ ಖಾಕಿ ಹೊದಿಕೆಯಲ್ಲಿಟ್ಟು ಬಾಯಿ ಹೊಲಿಯಿರಿ.

ಕೊನೆಯದಾಗಿ, ಎದ್ದು ಕಾಣುವಂತೆ ಬರೆಯಿರಿ: ‘ಪ್ರತಿಕೃತಿ. ಗಾಯಕ್ಕೆ ಬಳಸಬೇಡಿ.’ ಈ ವರ್ಷದ ಇಸವಿ, ನಿಮ್ಮ ಶಾಲೆಯ ಹೆಸರು ಹಾಕಿ. ಗುರುತಿಲ್ಲದ ಒಳ್ಳೆಯ ಪ್ರತಿ ನಾಳೆ ಯಾರದೋ ಕೈಯಲ್ಲಿ ಅಸಲಿ ಎಂದು ಮಾರಾಟವಾದೀತು. ಬಳಸಬಾರದೆಂಬುದಕ್ಕೆ ವಿಜ್ಞಾನದ ಕಾರಣವೂ ಇದೆ. ನಮ್ಮ ಮೆತ್ತೆ ಕಣ್ಣಿಗೆ ಶುಭ್ರವಾಗಿದ್ದರೂ ರೋಗಾಣುರಹಿತವಲ್ಲ. ಕೆಲವು ರೋಗಾಣುಗಳ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಆಸ್ಪತ್ರೆಗಳಲ್ಲಿ ಒತ್ತಡದ ಹಬೆಯಿಂದ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಿನೈದು ನಿಮಿಷ ಇಟ್ಟು ಅವನ್ನು ಕೊಲ್ಲುತ್ತಾರೆ. ಅದಕ್ಕೆ ಬಳಸುವ ಆಟೋಕ್ಲೇವ್ ಯಂತ್ರವನ್ನು 1879ರಲ್ಲಿ ಮಾಡಿದವರು ಫ್ರಾನ್ಸಿನ ಚಾರ್ಲ್ಸ್ ಶಾಂಬರ್ಲಾನ್.

ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ನಿಮ್ಮ ಮೇಷ್ಟ್ರೋ ಟೀಚರೋ ಅಲ್ಲಿಗೆ ಹೋಗಿ ಬಂದಿದ್ದರೆ ಈ ಪ್ರಯೋಗಗಳನ್ನು ಇನ್ನೂ ಚೆನ್ನಾಗಿ ಮಾಡುವ ದಾರಿ ಕೇಳಿ ತಿಳಿಯಿರಿ.

ಪೊಟ್ಟಣ ಬದಲಾದರೂ ಅದರ ಮೂಲ ಪಾಠ ಬದಲಾಗಿಲ್ಲ. ದೊಡ್ಡವರ ಮೈಯಲ್ಲಿರುವುದು ಸುಮಾರು ಐದು ಲೀಟರು ರಕ್ತ, ಮಕ್ಕಳಲ್ಲಿ ಇನ್ನೂ ಕಡಿಮೆ. ಹೊಲದಲ್ಲೋ ರಸ್ತೆಯಲ್ಲೋ ಯಾರಿಗಾದರೂ ಗಾಯವಾಗಿ ರಕ್ತ ಸುರಿಯುತ್ತಿದ್ದರೆ ಕಾಫಿ ಪುಡಿ, ಸುಣ್ಣ, ಮಣ್ಣು ಮೆತ್ತಬೇಡಿ. ಶುಭ್ರವಾದ ಬಟ್ಟೆ ಮಡಚಿ ಗಾಯದ ಮೇಲಿಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿ, ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದಿಟ್ಟು ಒತ್ತಿ. ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿಸಿ. ನೀವು ಮಾಡಿದ ಪೊಟ್ಟಣ ವಸ್ತುಪ್ರದರ್ಶನದ ಮೇಜಿಗಿರಲಿ. ಮನೆಯಲ್ಲಿ, ಶಾಲೆಯಲ್ಲಿ ಅಸಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೇ, ಅದರ ಔಷಧಿಗಳ ತಾರೀಕು ಮುಗಿದಿಲ್ಲವೇ, ಎಲ್ಲರ ಕೈಗೂ ಸಿಗುವ ಜಾಗದಲ್ಲಿದೆಯೇ ಎಂದು ಈ ವಾರವೇ ನೋಡಿ.